ಟೈಲರಮ್ಮನ ಬುದ್ಧಿಹಲ್ಲು

ಟೈಲರಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಬೀದಿಗೆ ಬೀದಿಯೇ ಹೇಳುತ್ತಿತ್ತು. ಕೊನೆಗೆ ಆ ಕೆಲಸ ಮಾಡಿದ್ದು ಒಂದು ಬುದ್ಧಿಹಲ್ಲು. ಬುಧವಾರ ಅದನ್ನು ಕೀಳಿಸಿಕೊಂಡಳು. ಭಾನುವಾರ ಹಡಗಿನಿಂದ ಗಂಡನ ಫೋನು ಬರುವುದಿತ್ತು. ಸೋಮವಾರ ಅವನು ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಬೇಕು, ಇಲ್ಲವೇ ಮನೆಗೆ ಬರಬೇಕು. ಬಂದುಬಿಡು ಎಂದು ಈ ಸಲವಾದರೂ ಹೇಳಬೇಕೆಂದು ಅವಳು ಮನಸ್ಸು ಗಟ್ಟಿ ಮಾಡಿದ್ದಳು. ಹನ್ನೊಂದು ವರ್ಷ ಫೋನಿನಲ್ಲಿ ಊರ ಉಸಾಬರಿಯೆಲ್ಲ ಹೇಳಿದವಳಿಗೆ ಅದೊಂದು ಮಾತು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ತನ್ನ ಆಸೆಗಾಗಿ ಅವನ ಅನ್ನಕ್ಕೆ ಕಲ್ಲು ಹಾಕುವುದೇ ಎಂಬ ಅಳುಕು.

ಹಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಹಲ್ಲು ಕಿತ್ತ ಗುಳಿಯಲ್ಲಿ ಕಟ್ಟುವ ರಕ್ತದ ಹೆಪ್ಪೇ ಮದ್ದು, ಅದು ಜಾರಿದರೆ ಎಲುಬು ಬರಿದಾಗಿ ಜೀವ ಹೋಗುವಷ್ಟು ನೋವು. ಉಗುಳಬಾರದು, ಏನನ್ನೂ ಚೀಪಬಾರದು, ಸ್ಟ್ರಾ ಹಾಕಿ ಕುಡಿಯಬಾರದು. ಜೋಮು ಬಿಡುವ ಮೊದಲೇ ಮಾತ್ರೆ, ಮೊದಲ ದಿನ ಕೆನ್ನೆಗೆ ಐಸು, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಅದನ್ನೂ ಜೋರಾಗಿ ಮುಕ್ಕಳಿಸದೆ ಹಾಗೇ ಸುರಿದುಹೋಗಲು ಬಿಡಬೇಕು. ಟೈಲರಮ್ಮ ಚಾಚೂ ತಪ್ಪಲಿಲ್ಲ. ಮೆತ್ತಗಿನ ಅನ್ನ ನುಂಗಿದಳು, ಗಿರಾಕಿಗಳಿಗೆ ಕೈಸನ್ನೆಯಲ್ಲೇ ಉತ್ತರ ಕೊಟ್ಟಳು.

ಶುಕ್ರವಾರ ಸಂಜೆ ಗಂಡನ ಅಳತೆಯ ಅಂಗಿಗೆ ಗುಂಡಿ ಹಾಕಲು ಕೂತಳು ನೋಡಿ. ಸೂಜಿಯ ಕಣ್ಣಿಗೆ ದಾರ ಏನು ಮಾಡಿದರೂ ಹೋಗದು. ಮೂವತ್ತು ವರ್ಷದ ಕಸುಬು, ದಾರದ ತುದಿಯನ್ನು ಬಾಯಿಗಿಟ್ಟು ಜುರ್ರೆಂದು ಚೀಪಿದಳು. ಒಂದು ಸಲವಲ್ಲ, ನಾಲ್ಕು ಗುಂಡಿಗೆ ನಾಲ್ಕು ಸಲ. ಹಾಳಾದ ಅಭ್ಯಾಸಕ್ಕೆ ಡಾಕ್ಟರು ಗೊತ್ತೇ, ಭಾನುವಾರ ಗೊತ್ತೇ?

ಶನಿವಾರ ನೋವು ಕಿವಿಯವರೆಗೂ ಏರಿತು. ಡಾಕ್ಟರಮ್ಮ ಗುಳಿ ತೊಳೆದು ಮದ್ದಿನ ಪಟ್ಟಿ ತುಂಬಿದರು. ಬೈಯಲಿಲ್ಲ, ಅದೇ ದೊಡ್ಡದು. ನೋವು ಇಳಿದರೂ ದವಡೆ ಮಾತ್ರ ಬೆರಳಗಲಕ್ಕಿಂತ ಹೆಚ್ಚು ತೆರೆಯಲಿಲ್ಲ.

ಭಾನುವಾರ ಫೋನು ಬಂತು. ಮುಂದಿನ ಕೋಣೆ ದೊಡ್ಡದು ಮಾಡೋಣ, ಇಬ್ಬರೂ ಸೇರಿ ಅಂಗಡಿ ನಡೆಸೋಣ ಎಂದೆಲ್ಲ ಅವಳು ನಾಲ್ಕು ದಿನದಿಂದ ಕೂಡಿಟ್ಟಿದ್ದ ಮಾತು ಒಂದೂ ಹೊರಡಲಿಲ್ಲ. ಅವನು ಹಲೋ ಹಲೋ ಎನ್ನುತ್ತಲೇ ಇದ್ದ. ಲೈನು ಕಟ್ಟಾಯಿತೆಂದುಕೊಂಡು ಇನ್ನೇನು ಇಟ್ಟುಬಿಡುವವನಿದ್ದ. ಅವಳಿಗೆ ಅಳುವೇ ಬಂತು. ಈ ದನಿ ಸಾಕಾಗಿತ್ತು ಅವಳಿಗೆ, ಮನುಷ್ಯ ಬೇಕಿತ್ತು.

"ಬಾ" ಎಂದಳು.



"ಇದೊಂದು ಮಾತು ಹೇಳ್ತೀಯ ಅಂತ ಹನ್ನೊಂದು ವರ್ಷ ಕಾದೆ ಕಣೇ" ಎಂದ ಗಂಡ. "ನಾನು ನಿಂಗೆ ಬೇಡವೇನೋ ಅಂದ್ಕೊಂಡು ಪ್ರತಿ ಸಲ ಸಹಿ ಹಾಕ್ದೆ."