ಬಾಗಿಲಿಗೆ ಅಡ್ಡ ನಿಂತ ಫೌಜಿ ಮಾಮಾ

ಫೌಜಿ ಮಾಮಾನ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡೇ ಉಳಿದಿದ್ದವು. ಮಿಕ್ಕವನ್ನು ಬರ್ಮಾದ ಯುದ್ಧ ತಿಂದಿತ್ತು. ಆ ಎರಡರಿಂದಲೇ ಅವನು ರೊಟ್ಟಿ ಮುರಿಯುತ್ತಿದ್ದ, ಎತ್ತಿನ ಹಗ್ಗ ಬಿಗಿಯುತ್ತಿದ್ದ, ನಮ್ಮ ಕಾಲಿಗೆ ಜಾಲಿಮುಳ್ಳು ನೆಟ್ಟರೆ ನೋವಾಗದಂತೆ ಕೀಳುತ್ತಿದ್ದ.

ಕುಷ್ಟಗಿ ತಾಲ್ಲೂಕಿನಲ್ಲಿ, ಹನುಮಸಾಗರದಾಚೆ, ಗಡಿಯ ಅಂಚಿನ ಹಳ್ಳಿ ನಮ್ಮದು. ನಾವು ಪಿಂಜಾರರು, ಮುಸಲ್ಮಾನರು. ಅಪ್ಪ ಊರೂರು ತಿರುಗಿ ಗಾದಿಗೆ ಅರಳೆ ಹಿಂಜುತ್ತಿದ್ದ. ಮಾಮಾನ ಮನೆ ಎದುರಿಗೇ. ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ. ಅವನು ನನ್ನ ಅವ್ವನನ್ನು ತಂಗಿ ಅನ್ನುತ್ತಿದ್ದ, ಹಾಗಾಗಿ ನನಗೆ ಮಾಮಾ. ದಂಡಿನಿಂದ ಬಂದ ಮೇಲೆ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅಪ್ಪ ಹಿಂಜುವ ಬಿಲ್ಲು ಮೀಟಲು ಕೂತರೆ ಮಾತ್ರ ನಮ್ಮ ಗೋಡೆಗೆ ಒರಗಿ, ಮೈಮೇಲೆಲ್ಲ ಅರಳೆ ಕೂತರೂ ಗೊರಕೆ ಹೊಡೆಯುತ್ತಿದ್ದ.

ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ನಿಜಾಮರು ತಮ್ಮ ರಾಜ್ಯ ಬೇರೆ ಎಂದರು. ಗಜೇಂದ್ರಗಡದ ದಿಕ್ಕಿನ ಹಳ್ಳ ದಾಟಿದರೆ ಹಿಂದುಸ್ತಾನ, ಈಚೆ ನಾವು. ಆಚೆ ಕೊಟ್ಟಿದ್ದ ನಮ್ಮಕ್ಕನ ಮನೆ ಪರದೇಶವಾಯಿತು. ನಿಜಾಮರ ವಿರುದ್ಧ ಆಚೆ ಶಿಬಿರ ಹೂಡಿದ್ದ ಹೋರಾಟಗಾರರು ಬಂದು ಈಚೆಯ ಸುಂಕದ ನಾಕಾ ಸುಡುತ್ತಿದ್ದರು. ಅದರ ಸೇಡಿಗೆ, ನಿಜಾಮರ ಪರ ಎಂದು ಬಂದೂಕು ಹಿಡಿದ ದಳದವರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಇವತ್ತು ಆ ಊರಲ್ಲಿ ಹೊಗೆ ಎದ್ದರೆ ನಾಳೆ ಈ ಊರಲ್ಲಿ.

ಚಾವಡಿಯಲ್ಲಿ ಗಂಡಸರ ಮಾತೆಲ್ಲ ದೊಡ್ಡ ದೇಶಗಳದ್ದೇ. ಬಿಳಿಯರ ವಿಮಾನಗಳು ಬಂದೂಕು ತಂದು ಇಳಿಸುತ್ತಿವೆಯಂತೆ ಎಂದು ಒಬ್ಬರು. "ಫಿರ್ಯಾದು ಲೋಕದ ಪಂಚಾಯತಿಗಿ ಹೋಗತೈತಂತ. ವಿಲಾಯ್ತಿ ದಂಡು ಬಂದು ನಡುವ ನಿಂತ್ರ ಎಲ್ಲಾ ತಣ್ಣಗಾಗ್ತೈತಿ," ಎಂದು ಗೌಡರು.

"ನಾ ಆ ದಂಡಿನಾಗ ಇದ್ದವ್ರಿ ಗೌಡ್ರ," ಅಂದ ಮಾಮಾ. "ಬರ್ಮಾದಿಂದ ಹಿಂದ ಸರಿಯೂಮುಂದ, ಜಪಾನಿಯವ್ರಿಗಿ ಅಕ್ಕಿ ಸಿಗಬಾರ್ದಂತ ಒಂದ್ ಹಳ್ಳಿಗಿ ಬೆಂಕಿ ಹಚ್ಚಿದ್ವಿ. ಒಬ್ಬಾಕಿ ಮುದುಕಿ ನನ್ನ ಕಾಲು ಹಿಡಕೊಂಡ್ಲು. ಝಾಡಿಸಿ ಒದ್ದೆ. ದೂರದವ್ರಿಗಿ ನಕಾಶಿ ಕಾಣ್ತೈತ್ರಿ, ಮನಿ ಕಾಣೂದಿಲ್ಲ."

ಅಷ್ಟು ಹೇಳಿ ಎದ್ದುಹೋದವನು ಊರ ನಡುವಿನ ಹುಡೇವಿನ ಬಾಗಿಲಿಗೆ ಹೊಸ ಅಗಳಿ ಮಾಡಿಸಿದ. ಹುಡೇವೆಂದರೆ ಕಲ್ಲುಮಣ್ಣಿನ ದುಂಡನೆಯ ಎತ್ತರದ ಬುರುಜು, ಹಿಂದಿನವರು ಕಳ್ಳಕಾಕರ ಭಯಕ್ಕೆ ಕಟ್ಟಿದ್ದು.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ದಳ ನಮ್ಮೂರಿಗೂ ಬಂತು. ಊರು ಕಾಯುವ ತಳವಾರನನ್ನು ಅಗಸಿ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಮೇವಿನ ಬಣವಿಗಳು ಧಗಧಗ ಉರಿದವು. ಊರೆಲ್ಲ ಹುಡೇವಿನೊಳಗೆ ಸೇರಿತು. ಮಾಮಾನ ಒಬ್ಬನೇ ಮಗ ಎತ್ತು ಬಿಚ್ಚಲು ಓಡಿದ್ದ. ಅವನನ್ನು ಅಂಗಳಕ್ಕೆ ಎಳೆದು ಕತ್ತಿಯಿಂದ ಕಡಿದರು. ಮಾಮಾ ಮೇಲಿನಿಂದ ಕಣ್ಣಾರೆ ಕಂಡ. "ಮದ್ದು ತುಂಬವ್ವಾ ಮಗಳ," ಅಂದ ನನಗೆ. ಆಗ ನನಗೆ ಹದಿನೆಂಟು. ನಾನು ಅವನ ಬಂದೂಕಿಗೆ ತುಂಬಿ ಕೊಟ್ಟೆ, ಅವನು ಗುಂಡು ಹಾರಿಸಿದ. ಕೆಳಗೆ ಒಬ್ಬ ಹೊಟ್ಟೆ ಹಿಡಿದುಕೊಂಡು ಉರುಳಿದ.

"ಮುಸಲ್ಮಾನರು ಹೊರಗ ಬರ್ರಿ! ನಿಮಗೇನೂ ಮಾಡೂದಿಲ್ಲ!" ಎಂದು ಕೆಳಗಿನಿಂದ ಕೂಗಿದರು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಕಿಂಡಿಗೆ ಬಾಯಿ ಹಚ್ಚಿ, "ನನ್ನ ಮಂದಿ ಎಲ್ಲಾ ಇಲ್ಲೇ ಅದಾರ!" ಎಂದು ಕೂಗಿದ. ಮದ್ದು ತೀರುವ ಹೊತ್ತಿಗೆ ದಳ ತನ್ನ ಹೆಣ ಹೊತ್ತು ಹೊರಟುಹೋಯಿತು.

ಮಳೆಗಾಲದ ಕೊನೆಗೆ ಹಿಂದುಸ್ತಾನದ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ನಿಜಾಮರು ಶರಣಾದರು. ವಿಲಾಯ್ತಿ ದಂಡು ಬರಲೇ ಇಲ್ಲ. ಲೋಕದ ಪಂಚಾಯತಿಯಲ್ಲಿ ಮಾತು ಮುಗಿಯುವ ಮೊದಲೇ ಇಲ್ಲಿ ದೊರೆಗಳ ಯುದ್ಧ ಮುಗಿದಿತ್ತು. ನಮ್ಮದು ಆಗ ಶುರುವಾಯಿತು.

ಅಪ್ಪ ಪಕ್ಕದೂರಿನಿಂದ ಬಿಲ್ಲು ಹೊತ್ತು ಬರುತ್ತಿದ್ದಾಗ ದಳದ ಮೇಲಿನ ಸೇಡನ್ನು ಮುಸಲ್ಮಾನರ ಮೇಲೆ ತೀರಿಸಲು ಹೊರಟವರು ಅವನನ್ನು ಹೊಲದ ದಾರಿಯಲ್ಲಿ ಹಿಡಿದು, ತಲೆ ಒಡೆದು, ಬಾವಿಗೆ ಎಸೆದರು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಗುಂಪು ನಮ್ಮ ಓಣಿಗೇ ಬಂದಿತ್ತು. ಹಳ್ಳದಾಚೆಯವರು ಕೆಲವರು, ನಮ್ಮೂರಿನವರೇ ಬಹಳ. ಮುಂದೆ ಕೊಡಲಿ ಹಿಡಿದವನು ಮಾಮಾನ ಸ್ವಂತ ಅಕ್ಕನ ಮಗ. ಮಾಮಾ ಬಂದು ನಮ್ಮ ಬಾಗಿಲಿಗೆ ಅಡ್ಡ ನಿಂತ. ಕೈಯಲ್ಲಿ ಬಂದೂಕಿತ್ತು, ಮದ್ದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

"ಬಾಜೂಕ ಸರಿ ಮಾಮಾ," ಅಂದ ಅಳಿಯ. "ನಿನ್ನ ಮಗನ್ನ ಕೊಂದವ್ರು ಇವ್ರ ಮಂದೀನ."

"ನನ್ನ ಮಗನ್ನ ಕೊಂದವ್ರ ಮಾರಿ ನಾ ನೋಡೀನಿ. ಅದ್ರಾಗ ಈ ಪಿಂಜಾರನ ಮಾರಿ ಇರಲಿಲ್ಲ."

"ಸರೀತಿಯೋ ಇಲ್ಲೋ?"

"ಒಮ್ಮಿ ಹುಕುಂ ಕೇಳಿ ಒಬ್ಬಾಕಿನ್ನ ಒದ್ದೀನಿ. ಇನ್ನ ಆಗೂದಿಲ್ಲ."

ಅಳಿಯ ಕೊಡಲಿ ಬೀಸಿದ. ಹೆಗಲು ಸೀಳಿತು. ಬಾಗಿಲ ಸಂದಿಯಲ್ಲಿದ್ದ ನನ್ನ ಮುಖಕ್ಕೆ ಬಿಸಿ ರಕ್ತ ಸಿಡಿಯಿತು. ಮಾಮಾ ಬೀಳಲಿಲ್ಲ. ಚೌಕಟ್ಟು ಹಿಡಿದು ನಿಂತು, "ಇನ್ನೊಂದು ಹೊಡಿ. ನಾ ಬಿದ್ದರ ಅಲ್ಲೇನು ನೀ ಒಳಗ ಹೋಗೂದು?" ಅಂದ. ಅಳಿಯ ಕೊಡಲಿ ಕೆಳಗಿಳಿಸಿದ. ಹಿಂದಿದ್ದವರು ಒಬ್ಬೊಬ್ಬರಾಗಿ ಜಾರಿದರು. ಓಣಿ ಬರಿದಾದ ಮೇಲೆಯೇ ಮಾಮಾ ನೆಲಕ್ಕೆ ಕುಸಿದದ್ದು.

ಮರುದಿನ ಸೈನ್ಯದ ಅಧಿಕಾರಿ ಬಂದು ಹೊಡೆದವರು ಯಾರೆಂದು ಕೇಳಿದ. ಗೌಡರು ಮಾಮಾನ ಕಿವಿಯಲ್ಲಿ, "ಹೆಸರು ಹೇಳಬ್ಯಾಡ. ಊರಾಗ ವೈರ ಬೆಳೀತೈತಿ," ಅಂದರು.

"ಮುಚ್ಚಿಟ್ರ ಬೆಳೀತೈತ್ರಿ," ಅಂದ ಮಾಮಾ. ಜ್ವರದಲ್ಲಿ ನಾಲಿಗೆ ಹೊರಳದಿದ್ದರೂ ಬಾವಿಯ ಹತ್ತಿರ ಇದ್ದರೆಂದು ಸುದ್ದಿಯಲ್ಲಿ ಬಂದಿದ್ದವರು, ಓಣಿಗೆ ಬಂದವರು, ಎಲ್ಲರ ಹೆಸರನ್ನೂ ಹೇಳಿದ. ಅಳಿಯನ ಹೆಸರು ಹೇಳುವಾಗ ಮಾತ್ರ ಕಣ್ಣು ಮುಚ್ಚಿಕೊಂಡ. ಗಾಯ ಕೀವಾಗಿ ಆ ವಾರದಲ್ಲೇ ತೀರಿಕೊಂಡ.

ಹೆಸರು ಹೇಳಿದ್ದಕ್ಕೆ ಊರಿನ ಒಬ್ಬ ಗಂಡಸೂ ಹೆಣಕ್ಕೆ ಹೆಗಲು ಕೊಡಲು ಬರಲಿಲ್ಲ. ಒಂದು ಕಡೆ ಅವನ ಹೆಂಡತಿ, ಒಂದು ಕಡೆ ನನ್ನವ್ವ, ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮ ಮಾತು ಬಾರದ ಯಾವುದೋ ಸೀಮೆಯ ಸಿಪಾಯಿ. ಓಣಿಯುದ್ದಕ್ಕೂ ಬಾಗಿಲುಗಳು ಮುಚ್ಚಿದ್ದವು. ಹೆಣ ಹೊರುವುದು ಹೆಂಗಸರ ಕೆಲಸವಲ್ಲ ಎಂದು ಹೇಳುವುದಕ್ಕೂ ಅವತ್ತು ಯಾರೊಬ್ಬರೂ ಹೊರಗೆ ಬರಲಿಲ್ಲ.