ಕೇಳಿ ಬೇಕಾದರೆ ಕೇಳಿ

ಮೊಮ್ಮಗಳು ಟಿಇಟಿ ಪಾಸಾದ ದಿನ ನಾನು ಬಚ್ಚಲಲ್ಲಿ ಬೆಡ್‌ಶೀಟು ಹಿಂಡುತ್ತಿದ್ದೆ. ಮೊಬೈಲ್ ಹಿಡಿದುಕೊಂಡು ಓಡಿ ಬಂದವಳು, "ಅಜ್ಜಿ, ಪಾಸ್ ಝಾಲೆ" ಎಂದಳು. ನಾನು ಸಾಬೂನಿನ ಕೈಯಲ್ಲೇ ಅವಳ ಗಲ್ಲ ಹಿಡಿದೆ. ಬೆಡ್‌ಶೀಟು ಅಲ್ಲೇ ಬಿತ್ತು, ಮತ್ತೆ ತೊಳೆಯಬೇಕಾಯಿತು.

ಎರಡು ವರ್ಷ ಮುಂಬಯಿಯ ಈ ಡೊಂಬಿವಲಿಯಿಂದ ಕಲ್ಯಾಣದ ಕಾಲೇಜಿಗೆ ಹೋಗಿ ಬಂದು ಟೀಚರ್ ಕೋರ್ಸು ಡಿ.ಎಡ್. ಮುಗಿಸಿದ್ದಳು. ಅಷ್ಟು ಸಾಲದಂತೆ. ಕ್ಲಾಸಿನಲ್ಲಿ ನಿಲ್ಲಬೇಕಾದರೆ ಸರಕಾರದ ಈ ಟಿಇಟಿ ಪರೀಕ್ಷೆಯೂ ಆಗಬೇಕು. ಹೋದ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಆಗ ನಾನು, "ಎರಡು ವರ್ಷ ಕಲಿತದ್ದು ಎಂತಕ್ಕೆ ಹಾಗಾದ್ರೆ?" ಎಂದು ಕೇಳಿದ್ದೆ.

"ಅದು ಗಾಡಿ ಕಲಿತದ್ದು ಅಜ್ಜಿ. ಇದು ಲೈಸೆನ್ಸ್."

"ಲೈಸೆನ್ಸ್ ಇದ್ದವರು ಸ್ಟೇಷನ್ನಿನ ಎದುರು ರಿಕ್ಷಾ ಹೇಗೆ ಓಡಿಸ್ತಾರೆ ಅಂತ ನಾನು ದಿನಾ ನೋಡ್ತೇನೆ."

ಈ ಸಲ ಲೈಸೆನ್ಸ್ ಬಂತು. ಅದರ ಹಿಂದೆಯೇ ಕೋಪರಖೈರಣೆಯ ಒಂದು ಕನ್ನಡ ಶಾಲೆಯಿಂದ ಫೋನೂ ಬಂತು. ಒಂದನೆಯ ಕ್ಲಾಸಿನ ಟೀಚರು ಹೆರಿಗೆಗೆ ರಜೆ ಹಾಕಿದ್ದಾರೆ, ಬದಲಿಗೆ ಟಿಇಟಿ ಆದವರು ಬೇಕು, ಬಂದು ಮಕ್ಕಳಿಗೆ ಒಂದು ಕಥೆ ಹೇಳಿ ತೋರಿಸಿ, ನೋಡುತ್ತೇವೆ ಎಂದರು. ಫೋನ್ ಇಟ್ಟವಳ ಮುಖ ನೋಡಿದರೆ ಅರ್ಧ ನಗು, ಅರ್ಧ ಜ್ವರ.

ಕಾರಣ ನನಗೆ ಗೊತ್ತಿತ್ತು. ನಮ್ಮದು ಉಡುಪಿ ಕಡೆ, ಮನೆಯಲ್ಲಿ ತುಳು. ಇವಳು ಏಳನೆಯವರೆಗೆ ಕನ್ನಡ ಶಾಲೆಗೆ ಹೋದವಳು. ಓದು ಅಂದರೆ ಗಡಗಡ ಓದುತ್ತಾಳೆ, ಬರೆ ಅಂದರೆ ತಪ್ಪಿಲ್ಲದೆ ಬರೆಯುತ್ತಾಳೆ. ಮಾತಾಡು ಅಂದರೆ ಮಾತ್ರ ಮುಗಿಯಿತು. "ಅಜ್ಜಿ, ನಾನು ಭಾಜಿ ಕಾಪ್ತೇನೆ, ನೀನು ಕುಕ್ಕರ್ ಲಾವು" ಎನ್ನುತ್ತಾಳೆ. ತರಕಾರಿ ಹೆಚ್ಚುವುದೂ ಕುಕ್ಕರ್ ಇಡುವುದೂ ಅರ್ಧ ಮರಾಠಿಯಲ್ಲಿ. ಇದು ಯಾವ ಊರಿನ ಕನ್ನಡ ಎಂದು ದೇವರೇ ಹೇಳಬೇಕು.

ಮಗ, ಸೊಸೆ ಬೆಳಿಗ್ಗೆಯೇ ಲೋಕಲ್ ಗಾಡಿ ಹಿಡಿಯಲು ಓಡುವವರು. ಅಭ್ಯಾಸಕ್ಕೆ ಸಿಕ್ಕಿದ್ದು ನಾನೊಬ್ಬಳೇ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಅವಳು ಒಂದನೆಯ ಕ್ಲಾಸಿಗೆ ಇಳಿಸಿದಳು. ನಾನು ನೆಲದಲ್ಲಿ ಕೂತು ಬೀನ್ಸ್ ಹೆಚ್ಚುವುದು, ಅವಳು ಫ್ರಿಜ್ಜಿನ ಎದುರು ನಿಂತು ಆಮೆಯ ಕಥೆ ಹೇಳುವುದು. ಆಮೆ ನೀರಿಗೆ ಇಳಿಯುವ ಹೊತ್ತಿಗೆ ನಾನು ಬೆರಳು ಎತ್ತಿದೆ.

"ಟೀಚರ್, ಒಂದಕ್ಕೆ."

"ಅಜ್ಜಿ, ಸೀರಿಯಸ್ ಆಗು."

"ಒಂದನೆಯ ಕ್ಲಾಸಿನವರು ಸೀರಿಯಸ್ ಇರ್ತಾರಾ?"

ಹೋಗುವ ದಿನ, "ನೀನೂ ಬಾ" ಎಂದಳು. ದಾರಿಯುದ್ದಕ್ಕೂ ಕನ್ನಡ ಮಾತಾಡುತ್ತಾ ಹೋದರೆ ನಾಲಿಗೆ ಆ ಕಡೆ ಈ ಕಡೆ ಹೊರಳುವುದಿಲ್ಲವಂತೆ. ಸರಿ, ಹೊರಟೆ. ಅವಳಿಗೆ ಸೊಸೆಯ ಕಾಟನ್ ಸೀರೆ ಉಡಿಸಿ, ಎಲ್ಲ ಕಡೆ ಪಿನ್ನು ಚುಚ್ಚಿದೆ. ಲೇಡೀಸ್ ಡಬ್ಬದಲ್ಲಿ ಕಂಡದ್ದಕ್ಕೆಲ್ಲ ಹೆಸರು ಹೇಳಿಸಿದೆ. "ಖಿಡಕಿ" ಎಂದಳು. "ಕಿಟಕಿ" ಎಂದೆ. "ಸೇಮ್ ತೋ ಹೈ" ಎಂದಳು. ತಲೆಗೆ ಒಂದು ಮೊಟಕಿದೆ. ಠಾಣೆ ಸ್ಟೇಷನ್ನಿನಲ್ಲಿ ಇಳಿದು ವಾಶಿ ಲೈನಿನ ಗಾಡಿ ಹತ್ತುವಾಗ ನನ್ನ ಎದೆಯೇ ಡಬಡಬ ಹೊಡೆಯುತ್ತಿತ್ತು. ನನ್ನ ಮದುವೆಯ ದಿನವೂ ಹೀಗಾಗಿರಲಿಲ್ಲ. ಆ ದಿನ ಗಂಡು ಎಂಥವನೆಂದೇ ಗೊತ್ತಿರಲಿಲ್ಲ, ಹೆದರಲಿಕ್ಕೆ ಎಂತ ಉಂಟು?

ಶಾಲೆಯಲ್ಲಿ ಹೆಡ್‌ಮೇಡಂ ನನ್ನನ್ನು ಕ್ಲಾಸಿನ ಹೊರಗೆ ಬೆಂಚಿನಲ್ಲಿ ಕೂರಿಸಿದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಮೇಡಂ, ಪಕ್ಕದಲ್ಲಿ ಶಾಲೆ ನಡೆಸುವ ಸಂಘದ ಒಬ್ಬರು ಹಿರಿಯರು. ಇವಳಿಗಿಂತ ಮೊದಲು ಇನ್ನೊಬ್ಬಳ ಸರದಿ. ಬೆಂಗಳೂರಿನವಳು, ಮದುವೆಯಾಗಿ ನವಿ ಮುಂಬಯಿಗೆ ಬಂದವಳು. ಅವಳ ಕನ್ನಡ ಎಂದರೆ ರೇಡಿಯೋದ ವಾರ್ತೆ. "ಮಕ್ಕಳೇ, ಗಮನವಿಟ್ಟು ಆಲಿಸಿ" ಎಂದಳು. ಮಕ್ಕಳು ಕೈಕಟ್ಟಿ ಕೂತರು, ಒಂದೂ ಮಿಸುಕಲಿಲ್ಲ. ಸಂಘದವರು ತಲೆದೂಗಿದರು. ನನಗೆ ಕೋಪ ಬಂತು. ಪಾಪದ ಹೆಂಗಸು, ಅವಳದ್ದು ತಪ್ಪೇನೂ ಇಲ್ಲ. ಆದರೂ ಬಂತು.

ಆಮೇಲೆ ನಮ್ಮವಳು ಒಳಗೆ ಹೋದಳು. ಸೆರಗು ಎಳೆದುಕೊಂಡಳು, ಗಂಟಲು ಸರಿಮಾಡಿಕೊಂಡಳು.

"ಮಕ್ಕಳೇ, ಎಲ್ಲರೂ ಕೇಳಿ."

ಎದುರು ಬೆಂಚಿನಿಂದ ಎರಡು ಜಡೆಯ ಹುಡುಗಿಯೊಂದು ಎದ್ದು ನಿಂತಿತು. "ಕೇಳಿ ಎಲ್ಲದಾವ್ರೀ ಟೀಚರ್?"

ಇಡೀ ಕ್ಲಾಸು ಕೇಳಿ, ಕೇಳಿ ಎಂದು ಬೆಂಚು ಬಡಿಯಲು ಶುರುಮಾಡಿತು.

ಮರಾಠಿಯಲ್ಲಿ ಕೇಳಿ ಎಂದರೆ ಬಾಳೆಹಣ್ಣು. ಆ ಮಕ್ಕಳ ಅಪ್ಪ ಅಮ್ಮ ಕಲಬುರಗಿ, ರಾಯಚೂರಿನಿಂದ ಬಂದು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಕಟ್ಟಡದ ಕೆಲಸ ಮಾಡುವವರು. ಮನೆಯಲ್ಲಿ ಅವರು ಹೇಳುವುದು "ಕೇಳ್ರಿ" ಎಂದು. ಬರೀ ಕೇಳಿ ಎಂದರೆ ಆ ಮಕ್ಕಳಿಗೆ ಗಲ್ಲಿಯ ಕೈಗಾಡಿಯಲ್ಲಿ ಬರುವ ಹಣ್ಣು ಮಾತ್ರ. ಬೆಂಗಳೂರಿನವಳು ಆಲಿಸಿ ಎಂದು ಪಾರಾಗಿದ್ದಳು.

ಸಂಘದವರ ಹುಬ್ಬು ಮೇಲೆ ಹೋಯಿತು. ನಾನು ನೀರಿನ ಬಾಟ್ಲಿ ಚೀಲಕ್ಕೆ ಹಾಕಿದೆ. ಆಯಿತು, ಇನ್ನು ವಾಪಸು ಡೊಂಬಿವಲಿ ಎಂದುಕೊಂಡೆ.

ನಮ್ಮವಳು ಮಕ್ಕಳ ಹತ್ತಿರ ಬಗ್ಗಿದಳು.

"ಕೇಳಿ ಬೇಕಾ?"

"ಬೇಕ್ರೀ."

"ಕೇಳಿ ಬೇಕಾದರೆ," ಎಂದು ಬಾಯಿಗೆ ಕೈ ಇಟ್ಟಳು, "ಕೇಳಿ," ಎಂದು ಕಿವಿಗೆ ಕೈ ಇಟ್ಟಳು.

ಮಕ್ಕಳು ಮಾಡಿದವು. ಇನ್ನೊಮ್ಮೆ ಅಂದಳು, ಇನ್ನೊಮ್ಮೆ ಮಾಡಿದವು. ಅಷ್ಟರಲ್ಲಿ ನನ್ನ ಅಡಿಗೆಮನೆಯ ಆಮೆ ನೀರು ಬಿಟ್ಟು ಬಾಳೆಹಣ್ಣು ತರಲು ಮಾರ್ಕೆಟ್ಟಿಗೆ ಹೊರಟಿತ್ತು. ಆಮೆ ಕೇಳಿ ತಗೊಂಡಿತು, ಕೈ ಬಾಯಿಗೆ. ಹಿಂದಿನಿಂದ ಹಣ್ಣಿನವ, ಚೀಲ ಹರಿದಿದೆ ಕೇಳಿ ಎಂದ, ಕೈ ಕಿವಿಗೆ. ಆಮೆ ಕೇಳಲಿಲ್ಲ. ಒಂದೊಂದೇ ಬಿದ್ದು, ಮನೆಗೆ ಬರುವಾಗ ಚೀಲದಲ್ಲಿ ಒಂದೂ ಕೇಳಿ ಇಲ್ಲ. ಇಂಥ ಕಥೆ ನಾನು ಎಲ್ಲೂ ಕೇಳಿರಲಿಲ್ಲ, ಅವಳೂ ಅಲ್ಲೇ ಹುಟ್ಟಿಸಿದ್ದು. ಸಂಘದವರು ಒಮ್ಮೆ ತಪ್ಪಿ ಬಾಯಿಗೆ ಕೈ ಇಟ್ಟು, ಆಚೀಚೆ ನೋಡಿ ಕಿವಿಗೆ ಸರಿಸಿದರು. ಹೊರಗೆ ಬೆಂಚಿನಲ್ಲಿ ನಾನೂ ಕಿವಿ ಹಿಡಿದುಕೊಂಡಿದ್ದೆ. ಕಸ ಗುಡಿಸುವವಳು ನನ್ನನ್ನು ನೋಡಿ ಸುತ್ತುಹಾಕಿ ಹೋದಳು.

ಪಾಠ ಮುಗಿದ ಮೇಲೆ ಸಂಘದವರು ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು.

"ಇದು ಕನ್ನಡ ಶಾಲೆ ಅಮ್ಮಾ. ನಡುವೆ ಮರಾಠಿ ಯಾಕೆ ತಂದೆ?"

"ನಾನು ತರಲಿಲ್ಲ ಸರ್. ನಾನು ಕೇಳಿ ಅಂತ ಕನ್ನಡದಲ್ಲೇ ಹೇಳಿದ್ದು. ಮಕ್ಕಳು ಅದನ್ನು ಮರಾಠಿಯಲ್ಲಿ ತಿಂದರು."

ಇಷ್ಟು ಉದ್ದದ ಕನ್ನಡ ಅವಳ ಬಾಯಿಂದ ಒಂದೇ ಉಸಿರಿಗೆ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. ಮೇಡಂ ಬಾಯಿಗೆ ಕರವಸ್ತ್ರ ಒತ್ತಿ ನಕ್ಕರು. ಸಂಘದವರು ನಗಲಿಲ್ಲ. "ಸಂಜೆಯೊಳಗೆ ತಿಳಿಸ್ತೇವೆ" ಎಂದರು.

ಸ್ಟೇಷನ್ನಿನ ಹೊರಗೆ ಅವಳು ಕೈಗಾಡಿಯವನಿಗೆ, "ಭಯ್ಯಾ, ಅರ್ಧ ಡಜನ್ ಕೇಳಿ" ಎನ್ನಲು ಹೋಗಿ ಅಲ್ಲೇ ನಗಲು ಶುರುಮಾಡಿದಳು. ನಗುವಿನಲ್ಲಿ ಒಂದು ಪಿನ್ನು ಹಾರಿತು. ಆಗ ನನಗೂ ನೆನಪಾಯಿತು. ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತರಲ್ಲಿ ಪೇಟೆಯಲ್ಲಿ ಇವಳ ಅಜ್ಜ ಮುಂದೆ ಮುಂದೆ ಹೋಗುತ್ತಿದ್ದರು. ಹೆಸರು ಹಿಡಿದು ಕರೆಯುವ ಹಾಗಿಲ್ಲ, ನಾಲ್ಕು ಜನರ ಎದುರು ತುಳುವಿಗೆ ನಾಚಿ ಕನ್ನಡದಲ್ಲೇ "ಕೇಳಿ, ಸ್ವಲ್ಪ ಇಲ್ಲಿ ಕೇಳಿ" ಎಂದು ಹಿಂದಿನಿಂದ ಕೂಗಿದೆ. ಅವರು ತಿರುಗಲಿಲ್ಲ, ಹಣ್ಣಿನವನು ಒಂದು ಡಜನ್ ಕಟ್ಟಿಕೊಟ್ಟ. ಅದನ್ನು ಇವಳಿಗೆ ಹೇಳಿದೆ.

"ಮೊದಲೇ ಹೇಳ್ಬಾರ್ದಿತ್ತಾ ಅಜ್ಜಿ?"

"ಹೇಳಿದ್ರೆ ನೀನೂ ಆಲಿಸಿ ಅಂತಿದ್ದೆ. ಆಮೆ ನೀರಲ್ಲೇ ಇರ್ತಿತ್ತು."

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಿತೆಂದು ಸ್ವಲ್ಪ ಕೂತಿದ್ದೆವು. ಫೋನ್ ಬಂತು. ಅವಳು ಎದ್ದು ನಿಂತೇ ಮಾತಾಡಿದಳು. "ಹೌದು ಮೇಡಂ. ಸರ್ಟಿಫಿಕೇಟ್ ತರ್ತೇನೆ ಮೇಡಂ. ಸೋಮವಾರ ಏಳು ಗಂಟೆಗೆ ಬರ್ತೇನೆ ಮೇಡಂ." ಒಂದೇ ಒಂದು ತಪ್ಪಿಲ್ಲ. ಫೋನ್ ಇಟ್ಟದ್ದೇ ತಡ, ನನ್ನನ್ನು ಬಾಚಿ ತಬ್ಬಿಕೊಂಡು ಮರಾಠಿಯಲ್ಲಿ ಎಂತೆಂತದೋ ಹೇಳತೊಡಗಿದಳು. ಡೊಂಬಿವಲಿಯ ಗಾಡಿ ಬಂದು ನಿಂತು ಹೋಯಿತು, ನಾವು ಹತ್ತಲಿಲ್ಲ.

"ಕನ್ನಡದಲ್ಲಿ ಹೇಳು, ಟೀಚರ್" ಎಂದೆ.

"ಸೋಮವಾರದಿಂದ" ಎಂದು ಕೈಗಾಡಿಯಿಂದ ತಂದಿದ್ದ ಬಾಳೆಹಣ್ಣು ಸುಲಿದು ನನ್ನ ಬಾಯಿಗೆ ತುರುಕಿದಳು.