ವಿಮಾನ ರಾತ್ರಿ ತಂಗುವ ಊರು

ಸುಮಂಗಲಾ ಈ ಕೆಲಸ ಕಲಿತದ್ದು ಲಾರಿಗಳ ನಡುವೆ. ವಿಜಯಪುರದಿಂದ ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ, ಸಂಖ್ಯಾಶಾಸ್ತ್ರದ ಪದವಿ ಕೈಯಲ್ಲಿದ್ದರೂ ಎಲ್ಲೂ ಕೆಲಸ ಸಿಗದೆ ಕುಳಿತಿದ್ದಾಗ, ಮಾರ್ಕೆಟ್ ಯಾರ್ಡಿನಲ್ಲಿ ಲಾರಿ ಕಚೇರಿ ಇಟ್ಟಿದ್ದ ಸಿದ್ರಾಮಪ್ಪ ಎಂಬ ಸೊಲ್ಲಾಪುರದ ಹಿರಿಯರು ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಯಾವ ಲಾರಿ ಯಾವ ಊರಲ್ಲಿ ನಿಂತು ಡ್ರೈವರ್ ಬದಲಾಗಬೇಕು ಅನ್ನುವುದನ್ನು ಗೊತ್ತುಮಾಡುವುದು ಅವಳ ಪಾಲಿನ ಕೆಲಸ.

"ಗಾಡಿ ಎಲ್ಲಿ ನಿಲ್ತದೋ ಡ್ರೈವರನ ಮನಿ ಅಲ್ಲೇ ಇರಬೇಕವ್ವಾ," ಎಂದಿದ್ದರು ಸಿದ್ರಾಮಪ್ಪ. "ಮನಿ ಬ್ಯಾರೆ ಊರಾಗಿತ್ತಂದ್ರ ಆಂವ ಉಣ್ಣೂದೂ ನಮ್ಮ ಮ್ಯಾಲೆ, ಮಲಗೂದೂ ನಮ್ಮ ಮ್ಯಾಲೆ."

ಕೆಲವು ವರ್ಷಗಳ ನಂತರ ಕಡಿಮೆ ದರದ ವಿಮಾನ ಕಂಪನಿಯೊಂದು ಪುಣೆಯ ಇನ್ನೊಂದು ತುದಿಯ ಹಡಪಸರದಲ್ಲಿ ತನ್ನ ಯೋಜನಾ ಕಚೇರಿ ತೆರೆದಾಗ ಸುಮಂಗಲಾ ಅಲ್ಲಿಗೆ ಹೋದಳು. ಲಾರಿಯ ಜಾಗದಲ್ಲಿ ವಿಮಾನ ಬಂತು, ಡ್ರೈವರನ ಜಾಗದಲ್ಲಿ ಪೈಲಟ್ ಬಂದ. ಉಳಿದದ್ದು ಹೆಚ್ಚೇನೂ ಬದಲಾಗಲಿಲ್ಲ. ಕೋಥರೂಡದ ತಮ್ಮ ಅಪಾರ್ಟ್‌ಮೆಂಟಿನಿಂದ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ, ಗಾಡಿಗಳ ಜಾತ್ರೆಯಲ್ಲಿ ತೆವಳುತ್ತ ಹಡಪಸರ ಮುಟ್ಟುವ ಹೊತ್ತಿಗೆ ಡಬ್ಬಿಯೊಳಗಿನ ಚಪಾತಿ ತಣ್ಣಗಾಗಿರುತ್ತಿತ್ತು. ಗಂಡ ಮನೋಹರ ಒಂದು ಪಂಪು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದ. ಮಕ್ಕಳಿರಲಿಲ್ಲ. ಒಂದು ಕಾಲಕ್ಕೆ ಅದು ದುಃಖವಾಗಿತ್ತು. ಈಗ ಮನೆಯಲ್ಲಿ ಬಳಸದ ಒಂದು ಕೋಣೆ ಇದ್ದ ಹಾಗೆ, ಅಷ್ಟೇ.

ಪೈಲಟ್‌ಗಳಿಗೆ ಇಷ್ಟವಾದ ಊರಿನಲ್ಲಿ ಕಂಪನಿ ಅವರ ನೆಲೆ ಮಾಡುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗಿಲ್ಲ. ರಾತ್ರಿ ವಿಮಾನ ಎಲ್ಲಿ ತಂಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಬೆಳಗಿನ ಮೊದಲ ಹಾರಾಟಕ್ಕೆ ಹೋಗುವವರು ಆ ಊರಿನಲ್ಲೇ ಮನೆ ಮಾಡಿಕೊಂಡಿದ್ದರೆ ಹೋಟೆಲು ಬೇಡ, ಊಟ ಬೇಡ. ನಾಲ್ಕು ಊರು ಸುತ್ತಿ ಸಂಜೆಗೆ ಅದೇ ಊರಿಗೆ ಮರಳಿ ಬಂದು ಇಳಿದರೆ ಅವರವರ ಮನೆಯ ಅನ್ನ, ಅವರವರ ಮನೆಯ ಹಾಸಿಗೆ. ಅಂಥ ಊರಿಗೆ ಕಂಪನಿಯಲ್ಲಿ ಬೇಸ್ ಅನ್ನುತ್ತಾರೆ. ಪುಣೆ ಅಂಥದೊಂದು ಬೇಸ್ ಆಗಿತ್ತು. ಆದರೆ ಇಲ್ಲಿಯ ನಿಲ್ದಾಣದ ನೆಲ ವಾಯುಪಡೆಯದು. ರಾತ್ರಿ ವಿಮಾನ ನಿಲ್ಲಿಸುವ ಜಾಗ ಕೇಳಿದಷ್ಟು ಸಿಗುವುದಿಲ್ಲ. ಅತ್ತ ಘಟ್ಟದ ಕೆಳಗೆ ನವಿ ಮುಂಬಯಿಯಲ್ಲಿ ಹೊಸ ನಿಲ್ದಾಣ ಎದ್ದು ನಿಂತಿತ್ತು.

ಮಳೆಗಾಲ ಮುಗಿಯುವ ಮೊದಲು ಮೇಲಧಿಕಾರಿ ಋಷಿಕೇಶ ಅವಳನ್ನು ಕರೆದ. ಬೆಂಗಳೂರಿನವನು, ವಯಸ್ಸಿನಲ್ಲಿ ಅವಳಿಗಿಂತ ಕಿರಿಯ, ಮಾತಿನಲ್ಲಿ ಮರ್ಯಾದೆಯವನು.

"ಸುಮಂಗಲಾ ಅವ್ರೇ, ಪುಣೆ ಬೇಸ್ ಇಟ್ಕೊಳ್ಳೋದಾ, ನವಿ ಮುಂಬಯಿಗೆ ಶಿಫ್ಟ್ ಮಾಡೋದಾ, ಒಂದು ಸಲ ಕ್ಲೀನಾಗಿ ನೋಡಿ ಹೇಳ್ತೀರಾ?"

ಅವಳು ನೋಡಿದಳು. ಗಣೇಶನ ಹಬ್ಬದ ಡೋಲು ರಸ್ತೆ ರಸ್ತೆಯಲ್ಲಿ ಬಡಿಯುತ್ತಿದ್ದ ದಿನಗಳವು. ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಉತ್ತರ ಒಂದೇ ಬರುತ್ತಿತ್ತು. ಪುಣೆಯ ಬೇಸ್ ಎತ್ತಿ ನವಿ ಮುಂಬಯಿಗೆ ಒಯ್ಯಬೇಕು.

ಪುಣೆ ಬೇಸಿನ ಪೈಲಟ್‌ಗಳಲ್ಲಿ ಒಬ್ಬಳು ತ್ರಿವೇಣಿ. ಸುಮಂಗಲಾಳ ಮನೆಗಿಂತ ಎರಡು ಮಹಡಿ ಕೆಳಗೆ ಇದ್ದವಳು. ಇಬ್ಬರಿಗೂ ಪರಿಚಯವಾದದ್ದು ಕಂಪನಿಯಲ್ಲಲ್ಲ, ಲಿಫ್ಟಿನಲ್ಲಿ. ತ್ರಿವೇಣಿಯ ತಾಯಿ ರುದ್ರವ್ವ ಮೊಮ್ಮಗಳಿಗೆ "ಕೈ ಬಾಯಾಗಿಂದ ತಗಿ" ಎಂದು ಗದರಿದ್ದು ಕೇಳಿ ಸುಮಂಗಲಾ ನಕ್ಕು, "ಯಾವೂರ್ರಿ ಕಾಕೂ?" ಎಂದಿದ್ದಳು. ವಿಜಯಪುರದ ಹತ್ತಿರದ ಇಂಡಿ ಊರಿನ ಕಡೆಯವರು. ಮಗಳ ಬಾಣಂತನಕ್ಕೆಂದು ಬಂದ ರುದ್ರವ್ವ ಅಲ್ಲೇ ಉಳಿದಿದ್ದರು. ಮಗಳು ಹಾರಾಡುವವಳು, ಅಳಿಯ ಸಂಜು ಕಾರ್ಖಾನೆಯ ಪಾಳಿಯವನು, ಕೂಸು ಗಾರ್ಗಿಯನ್ನು ನೋಡಲು ಇನ್ನಾರು? ಪಂಚಮಿಗೆ ಉಂಡಿ, ಎಳ್ಳಮವಾಸ್ಯೆಗೆ ಹೋಳಿಗೆ ಮೇಲೆ ಕೆಳಗೆ ಓಡಾಡುತ್ತಿದ್ದವು.

ಸಭೆಯ ದಿನ ಸುಮಂಗಲಾ ತಾನು ಕಂಡದ್ದನ್ನು ಹೇಳಿದಳು. ಯಾರೂ ಅಡ್ಡ ಮಾತಾಡಲಿಲ್ಲ. ಕೊನೆಗೆ ಋಷಿಕೇಶ, "ಇನ್ನೇನಾದ್ರೂ ಇದೆಯಾ?" ಎಂದು ಕೇಳಿದ.

"ಮಕ್ಕಳಿದ್ದವ್ರು ಇದ್ದಾರ್ರಿ. ಶಾಲಿ ವರ್ಷ ಮುಗಿಯೂತನಾ ತಡದ್ರ ಚಲೋ ಆಗ್ತಿತ್ತು."

"ಚಳಿಗಾಲದ ಶೆಡ್ಯೂಲ್ ಅಕ್ಟೋಬರ್ ಕೊನೇಲೇ ಶುರುವಾಗುತ್ತಲ್ಲ. ಅಲ್ಲಿ ಜಾಗ ಈಗ ತಗೊಳ್ಳಲಿಲ್ಲ ಅಂದ್ರೆ ಬೇರೆಯವರು ತಗೊಂಡ್‌ಬಿಡ್ತಾರೆ."

"ಅದೂ ಖರೇನ," ಎಂದಳು ಸುಮಂಗಲಾ.

ಹೊರಗೆ ಬಂದು ನೀರು ಕುಡಿದಳು. ಈಗ ಏನೋ ಆಗಬೇಕು, ಕಡೆಗೆ ತಲೆಯಾದರೂ ನೋಯಬೇಕು ಎಂದು ಕಾದಳು. ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ತನ್ನದೇ ಆದರೂ ತನ್ನದಲ್ಲದ ಹಾಗೆ, ಹಾಗಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮನೆಗೆ ಬಂದು ಬದನೆಕಾಯಿ ಹೆಚ್ಚಿದಳು.

ಸುದ್ದಿ ಹೊರಬಿದ್ದ ಭಾನುವಾರ ತ್ರಿವೇಣಿ ಮೇಲೆ ಬಂದಳು. ತಲೆ ಬಾಚಿರಲಿಲ್ಲ. ಮನೋಹರ ಪೇಪರು ಮಡಚಿಕೊಂಡು ಒಳಗೆ ಹೋದ.

"ಅಕ್ಕಾ, ಇದನ್ನ ಯಾರು ಮಾಡ್ತಾರ್ರಿ? ನಿಮ್ಮ ಆಫೀಸಿನ್ಯಾಗಽ ಅಲ್ಲೇನು?"

"ಹೌದು. ನಾನಽ ಮಾಡೀನಿ."

ತ್ರಿವೇಣಿ ಕುರ್ಚಿ ಎಳೆದುಕೊಂಡು ಕುಳಿತಳು. ಸುಮಂಗಲಾ ಅವಳ ಮುಂದೆ ಉಪ್ಪಿಟ್ಟಿನ ತಾಟು ಇಟ್ಟಳು.

"ಹೆಂಗ ಮಾಡ್ತೀರಿ? ನನಗ ತಿಳೀಬೇಕು. ಸಿಟ್ಟಿಲೆ ಕೇಳಾಕತ್ತಿಲ್ಲ."

ಸುಮಂಗಲಾ ಹೇಳಿದಳು. ರಾತ್ರಿ ತಂಗುವ ಜಾಗ, ಬೆಳಗಿನ ಹಾರಾಟ, ಹೋಟೆಲು ಕೋಣೆ, ಯಾರಾದರೂ ಜ್ವರ ಬಂದು ಮಲಗಿದರೆ ಅವರ ಬದಲಿಗೆ ಹತ್ತಿರದಲ್ಲಿ ಎಷ್ಟು ಜನ ಬೇಕು ಅನ್ನುವುದು. ಹೊಸ ನಿಲ್ದಾಣದಲ್ಲಿ ವಿಮಾನಗಳು ಹೆಚ್ಚು, ಹಾಗಾಗಿ ಒಬ್ಬರ ಬದಲಿಗೆ ಇನ್ನೊಬ್ಬರು ಸುಲಭವಾಗಿ ಸಿಗುತ್ತಾರೆ. ಪುಣೆಯಲ್ಲಿ ಇರುವ ನಾಲ್ಕೇ ವಿಮಾನಕ್ಕೂ ಅಷ್ಟೇ ಬದಲಿಯವರು ಬೇಕು, ಹೆಚ್ಚಿನ ದಿನ ಅವರು ಸುಮ್ಮನೆ ಕೂರುತ್ತಾರೆ. ತ್ರಿವೇಣಿ ಚಮಚದಿಂದ ಉಪ್ಪಿಟ್ಟು ಕಲಕುತ್ತ ಕೇಳಿದಳು.

"ಇದರಾಗ ನಾ ಎಲ್ಲಿ ಬರ್ತೀನಿ?"

"ನೀ ಬರೂದಿಲ್ಲ ತ್ರಿವೇಣಿ. ಕೋ-ಪೈಲಟ್ ಇಷ್ಟು ಮಂದಿ ಅಂತ ಬರ್ತದ."

"ಲೆಕ್ಕ ಬರೋಬ್ಬರಿ ಅದ?"

"ಬರೋಬ್ಬರಿ ಅದ."

"ತಪ್ಪಿದ್ದಿದ್ರ ಚಲೋ ಇತ್ತು," ಎಂದಳು ತ್ರಿವೇಣಿ. "ಜಗಳಾ ಮಾಡಾಕರ ಬರ್ತಿತ್ತು."

ಉಪ್ಪಿಟ್ಟು ತಿಂದು, ತಾಟನ್ನು ತಾನೇ ತೊಳೆದಿಟ್ಟು ಹೋದಳು.

ದೀಪಾವಳಿಯ ಹಣತೆಗಳನ್ನು ಇನ್ನೂ ಎತ್ತಿಡುವ ಮೊದಲೇ ತ್ರಿವೇಣಿ ಹೊಸ ನಿಲ್ದಾಣದ ಪಕ್ಕದ ಉಲ್ವೆಯಲ್ಲಿ ಇನ್ನಿಬ್ಬರು ಪೈಲಟ್ ಹುಡುಗಿಯರ ಜೊತೆ ಮನೆ ಹಿಡಿದಳು. ಘಟ್ಟ ಇಳಿದರೆ ಮೂರು ತಾಸಿನ ದಾರಿ, ದೂರವೇನಲ್ಲ. ಆದರೆ ಸ್ಟ್ಯಾಂಡ್‌ಬೈ ಅಂತ ಒಂದು ಇರುತ್ತದೆ. ಆ ದಿನ ಕರೆ ಬಂದರೆ ಕೂಡಲೇ ನಿಲ್ದಾಣದಲ್ಲಿರಬೇಕು. ಬರದಿದ್ದರೆ ಸಮವಸ್ತ್ರ ಇಸ್ತ್ರಿ ಮಾಡಿಟ್ಟುಕೊಂಡು ಕೋಣೆಯಲ್ಲೇ ಕೂರಬೇಕು. ಪುಣೆಯಿಂದ ಅದು ಆಗುವ ಮಾತಲ್ಲ.

ಸಂಜುವಿನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ರುದ್ರವ್ವನ ಮೊಣಕಾಲು ಮೆಟ್ಟಿಲಿಗೆ ಆಗುತ್ತಿರಲಿಲ್ಲ, ಲಿಫ್ಟು ಆಗಾಗ ಕೆಟ್ಟು ನಿಲ್ಲುತ್ತಿತ್ತು. ಸುಮಂಗಲಾಳಿಗೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಒಂದು ದಿನ ರುದ್ರವ್ವ ಫೋನು ಮಾಡಿದರು.

"ಗಾರ್ಗಿನ್ನ ಶಾಲಿ ಬಸ್ಸಿನಿಂದ ಇಳಿಸಿಕೊಂಡು ಬರ್ತೀರೇನ್ರಿ? ಇವತ್ತೊಂದಿನ."

ಒಂದು ದಿನದ್ದು ವಾರಕ್ಕೆರಡು ದಿನವಾಯಿತು. ಗಾರ್ಗಿ ಮೇಲೆ ಬಂದು, ಬೂಟು ಬಿಚ್ಚಿ ಎಸೆದು, ಸೋಫಾದ ಮೇಲೆ ಬೋರಲಾಗಿ ಮಲಗಿ ಚಿತ್ರ ಬರೆಯುತ್ತಿತ್ತು. ಬರೆಯುತ್ತಿದ್ದದ್ದು ವಿಮಾನವಲ್ಲ, ಆನೆ. ಎಲ್ಲ ಆನೆಗಳಿಗೂ ಕನ್ನಡಕ. ಸುಮಂಗಲಾ ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ತೆರೆದಿಟ್ಟುಕೊಂಡು ಸಭೆಯಲ್ಲಿರುತ್ತಿದ್ದಳು. ಕಿವಿಯಲ್ಲಿ ಋಷಿಕೇಶ, ಕಾಲ ಬಳಿ ಗಾರ್ಗಿ.

ರುದ್ರವ್ವ ಒಮ್ಮೆಯೂ ಆಡಿ ತೋರಿಸಲಿಲ್ಲ. ಒಂದು ಸಲ ಮಾತ್ರ, ಶೇಂಗಾದ ಹಿಂಡಿ ಕುಟ್ಟಿ ಡಬ್ಬಿಯಲ್ಲಿ ತಂದುಕೊಟ್ಟಾಗ, "ನಿಮಗೂ ಅದಽ ಕಂಪನಿ, ಅಕಿಗೂ ಅದಽ ಕಂಪನಿ. ನೀವು ಇಲ್ಲಿದ್ದೀರಿ, ಅಕಿ ಅಲ್ಲಿ ಹೋದ್ಳು," ಎಂದರು. ದೂರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ ಹೇಳಿದರು.

"ಹೌದ್ರಿ ಕಾಕೂ," ಎಂದು ಸುಮಂಗಲಾ ಡಬ್ಬಿ ತೆಗೆದುಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಾರ್ಗಿ ಬಸ್ಸಿನಿಂದ ಇಳಿಯುವಾಗಲೇ ಮೈ ಕೆಂಡ. ಸಂಜು ಕಾರ್ಖಾನೆಯಲ್ಲಿ ಫೋನು ಎತ್ತಲಿಲ್ಲ. ಸುಮಂಗಲಾ ರಿಕ್ಷಾ ಹಿಡಿದು ಡಾಕ್ಟರ ಬಳಿ ಹೋಗಿ ಬಂದಳು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ತ್ರಿವೇಣಿ ಫೋನಿನಲ್ಲಿ ಮುಖ ತೋರಿಸಿದಳು. ಬಿಳಿ ಅಂಗಿ, ಭುಜದ ಪಟ್ಟಿ, ಹಿಂದೆ ಬರಿ ಗೋಡೆ.

"ಜ್ವರ ಇಳಿಯಾಕತ್ತದ. ಡಾಕ್ಟರ್ ಏನೂ ಚಿಂತಿಲ್ಲ ಅಂದ್ರು," ಎಂದಳು ಸುಮಂಗಲಾ. "ನಿನಗ ಹಾರಾಟ ಅದ ಏನು?"

"ಇಲ್ರಿ ಅಕ್ಕಾ. ಸ್ಟ್ಯಾಂಡ್‌ಬೈ. ಮುಂಜಾನಿಂದ ಕುಂತೀನಿ, ಯಾರೂ ಕರದಿಲ್ಲ. ಕರಿಯೂದೂ ಇಲ್ಲ ಅನಸ್ತದ." ಫೋನಿಗೆ ಮುಖ ಹತ್ತಿರ ತಂದು, "ಅಕಿ ಕಾಲು ತೋರಸ್ರಿ. ಸಾಕ್ಸು ಹಾಕ್ಯಾರೇನು?" ಎಂದಳು.

ಸುಮಂಗಲಾ ಫೋನನ್ನು ಮಗುವಿನ ಕಾಲಿನ ಕಡೆಗೆ ಹಿಡಿದಳು. ಇಂಥ ದಿನ ಹೊಸ ಬೇಸಿನಲ್ಲಿ ಎಷ್ಟು ಜನ ಹೀಗೆ ಕೂತಿರಬೇಕು ಅನ್ನುವುದನ್ನು ಗೊತ್ತು ಮಾಡಿದವಳು ಅವಳೇ. ಆ ಮಾತು ಮನಸ್ಸಿಗೆ ಬಂತು, ನಿಂತಿತು, ಹೋಯಿತು. ಮಗುವಿನ ಬಿಸಿ ತಲೆಯ ಭಾರಕ್ಕೆ ತೊಡೆ ಜೋಮು ಹಿಡಿದಿತ್ತು. ಸಂಜು ಬರುವವರೆಗೆ ಅವಳು ಕದಲಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮನೋಹರ ಕೇಳಿದ: "ಸುಮಾ, ನಿನಗ ಕೆಟ್ಟ ಅನಸ್ತದೇನು?"

"ಅನಸಬೇಕಲ್ರಿ?" ಎಂದು ಅವಳು ಅವನನ್ನೇ ಕೇಳಿದಳು. ಅವನು ಇನ್ನಷ್ಟು ಮೊಸರು ಬಡಿಸಿಕೊಂಡ.

ಮಾರ್ಚಿನಲ್ಲಿ ಋಷಿಕೇಶ ಕಚೇರಿಯ ಎಲ್ಲರನ್ನೂ ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ಹೋಟೆಲೊಂದಕ್ಕೆ ಊಟಕ್ಕೆ ಕರೆದುಕೊಂಡು ಹೋದ. ಹೊಸ ಬೇಸ್ ಅಂದುಕೊಂಡಂತೆಯೇ ನಡೆಯುತ್ತಿತ್ತು. ವಿಮಾನಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವು. "ಇದು ಸುಮಂಗಲಾ ಅವ್ರ ಕೆಲಸ," ಎಂದು ಅವನು ಎಲ್ಲರೆದುರು ಹೇಳಿದ. ಚಪ್ಪಾಳೆ ಬಿತ್ತು. ಸುಮಂಗಲಾ ನಕ್ಕಳು. ಊಟ ಚೆನ್ನಾಗಿತ್ತು. ಮುಂದಿನ ವಾರದಿಂದ ಇಂದೂರಿನ ಬೇಸನ್ನು ನೋಡಬೇಕೆಂದು ಅವನು ಅಲ್ಲೇ ಹೇಳಿದ.

ಇಂದೂರಿನದು ಮಾಡುವಾಗ ಅವಳು ಲೆಕ್ಕದ ಹಾಳೆಯಲ್ಲಿ ಒಂದು ಹೊಸ ಸಾಲು ಸೇರಿಸಿದಳು. ಶಾಲೆಗೆ ಹೋಗುವ ಮಕ್ಕಳಿರುವ ಪೈಲಟ್‌ಗಳು ಎಷ್ಟು ಜನ ಎಂದು. ಋಷಿಕೇಶ ಅದನ್ನು ಬಹಳ ಹೊತ್ತು ನೋಡಿದ.

"ಇದನ್ನ ಎಲ್ಲಿ ಸೇರಿಸೋದು? ಯಾವ ಟೋಟಲ್‌ಗೂ ಹೋಗಲ್ವಲ್ಲ."

"ಕೂಡಸಬ್ಯಾಡ್ರಿ. ಇರ್ಲಿ."

ಅವನು ಅಳಿಸಲಿಲ್ಲ. ಕೂಡಿಸಲೂ ಇಲ್ಲ.

ಪುಣೆಯ ಬೇಸ್ ಎತ್ತಿದರೆ ಪೈಲಟ್‌ಗಳಲ್ಲಿ ಕೆಲವರು ಕೆಲಸ ಬಿಡುತ್ತಾರೆ, ಉಳಿದವರು ವರ್ಷದೊಳಗೆ ಸಂಸಾರ ಸಮೇತ ಹೊಸ ಊರಿಗೆ ಹೋಗುತ್ತಾರೆ ಎಂದು ಸುಮಂಗಲಾ ಮೊದಲೇ ಅಂದಾಜು ಮಾಡಿದ್ದಳು. ಹಾಗೇ ಆಯಿತು. ಏಪ್ರಿಲಿನಲ್ಲಿ ಗಾರ್ಗಿಯ ಪರೀಕ್ಷೆ ಮುಗಿಯುತ್ತಲೇ ತ್ರಿವೇಣಿ ತಾಯಿಯನ್ನೂ ಮಗಳನ್ನೂ ಉಲ್ವೆಗೆ ಕರೆಸಿಕೊಳ್ಳುವುದೆಂದು ನಿಶ್ಚಯವಾಯಿತು. ಸಂಜು ಮಾತ್ರ ಕಾರ್ಖಾನೆಯ ಹತ್ತಿರ ಒಂದು ಕೋಣೆ ನೋಡಿಕೊಂಡ. ರಜೆಯ ದಿನ ಅವನು ಘಟ್ಟ ಇಳಿಯುವುದು. ಮೊದಲು ತ್ರಿವೇಣಿ ಹತ್ತುತ್ತಿದ್ದಳು, ಇನ್ನು ಸಂಜು ಇಳಿಯುತ್ತಾನೆ. ಅಷ್ಟೇ ವ್ಯತ್ಯಾಸ.

ಸಾಮಾನು ಕಟ್ಟುವ ದಿನ ಸುಮಂಗಲಾ ಹೋಗಿ ಗಾಜಿನ ಸಾಮಾನುಗಳಿಗೆ ಹಳೆಯ ಸೀರೆ ಸುತ್ತಿದಳು. ಟೆಂಪೋ ಹೊರಡುವಾಗ ತ್ರಿವೇಣಿ ಬಂದು ಅವಳ ಕೈ ಹಿಡಿದಳು.

"ಅಕ್ಕಾ, ನೀವು ಇಲ್ಲದಿದ್ರ ಈ ವರ್ಷ ನಾ ನೌಕರಿ ಬಿಡ್ತಿದ್ದೆ."

ಸುಮಂಗಲಾ ಟೆಂಪೋದ ಮುಂದಿನ ಸೀಟಿನಲ್ಲಿದ್ದ ರುದ್ರವ್ವನ ಕಡೆ ನೋಡಿದಳು. "ಲೋಣಾವಳ್ಯಾಗ ಅವ್ವಗ ಚಹಾ ಕುಡಿಸು. ಕಾಲು ಮಡಚಿ ಭಾಳ ಹೊತ್ತು ಕುಂಡ್ರಸಬ್ಯಾಡ," ಎಂದಳು.

ಜೂನಿನಲ್ಲಿ ಒಂದು ಭಾನುವಾರ ಮನೋಹರ ಹಟ ಹಿಡಿದು ಅವಳನ್ನು ಉಲ್ವೆಗೆ ಕರೆದುಕೊಂಡು ಹೋದ. ಹೊಸ ಹೊಸ ಕಟ್ಟಡಗಳ ಊರು. ಅರ್ಧಕ್ಕರ್ಧ ಮನೆಗಳಿಗೆ ಇನ್ನೂ ಪರದೆ ಇಲ್ಲ. ರುದ್ರವ್ವ ಜೋಳದ ರೊಟ್ಟಿ ಬಡಿದಿದ್ದರು. ಇಲ್ಲಿಯ ಸೆಕೆಯ ಬಗ್ಗೆ, ನೀರಿನ ಬಗ್ಗೆ ಒಂದು ಸುತ್ತು ದೂರಿದರು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ರಂಗೂಬಾಯಿ ಎಂಬವಳು ಸಿಕ್ಕಿದ್ದಾಳೆ, ಸಂಜೆ ಇಬ್ಬರೂ ಕೂತು ಮಾತಾಡುತ್ತೇವೆ ಎಂದರು. ತ್ರಿವೇಣಿಗೆ ಅಂದು ರಜೆ. ಮೈ ಕೈ ತುಂಬಿಕೊಂಡಿದ್ದಳು, ನಗುತ್ತಿದ್ದಳು. ಮುಂದಿನ ವರ್ಷ ಕ್ಯಾಪ್ಟನ್ ಪರೀಕ್ಷೆಗೆ ಕೂರುವವಳಿದ್ದಳು.

"ಈಗ ಹೊಂದಿಕಿ ಆಗೇದ ಅಕ್ಕಾ," ಎಂದಳು. "ನಸುಕಿನ್ಯಾಗ ಹೋದ್ರ ಗಾರ್ಗಿ ಶಾಲಿಂದ ಬರೂದ್ರಾಗ ಮನ್ಯಾಗಿರ್ತೀನಿ."

ಗಾರ್ಗಿ ಒಳಗಿನಿಂದ ಓಡಿ ಬಂತು. ಸುಮಂಗಲಾಳ ಮುಂದೆ ನಿಂತು, ಅಜ್ಜಿ ಹೇಳಿಕೊಟ್ಟಂತೆ ಕಾಲು ಮುಟ್ಟಿ ನಮಸ್ಕಾರ ಮಾಡಿತು. ಕೆಳಗಿನಿಂದ ಯಾರೋ ಗೆಳತಿ ಮರಾಠಿಯಲ್ಲಿ ಕೂಗಿದಳು. ಮಗು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋಯಿತು. ಅವರು ಹೊರಡುವ ಹೊತ್ತಿಗೂ ತಿರುಗಿ ಬರಲಿಲ್ಲ.

ವಾಪಸು ಬರುವಾಗ ಘಟ್ಟದಲ್ಲಿ ಮಳೆ ಶುರುವಾಯಿತು. ಮುಂದಿನ ಲಾರಿಗಳ ಕೆಂಪು ದೀಪ ಸಾಲಾಗಿ ನಿಂತಿತು. ಮನೋಹರ ಗಾಡಿಯ ಗಾಜು ಒರೆಸುತ್ತ, "ಚಲೋ ಅದಾರಲ್ಲ ಎಲ್ಲಾರೂ," ಎಂದ.

"ಚಲೋ ಅದಾರ."

"ನೋಡಿದ್ರ ಸಮಾಧಾನ ಆಗ್ತದಂತ ಕರಕೊಂಡು ಬಂದೆ."

ಸುಮಂಗಲಾ ತನ್ನೊಳಗೆ ಸಮಾಧಾನ ಇದೆಯೇ ಎಂದು ನೋಡಿಕೊಂಡಳು. ಇದ್ದಿರಬಹುದು. ಗಾರ್ಗಿ ಚಪ್ಪಲಿ ಮೆಟ್ಟಿಕೊಂಡು ಹೋದ ಸದ್ದು ಮಾತ್ರ ಕಿವಿಯಲ್ಲಿತ್ತು, ಅದು ನೋವೋ ಅಲ್ಲವೋ ಗೊತ್ತಾಗಲಿಲ್ಲ. ಗಂಡನಿಗೆ ಬೇಸರವಾಗಬಾರದೆಂದು, "ಆತ್ರಿ, ಭಾಳ ಚಲೋ ಆತು," ಎಂದಳು. ಲಾರಿ ಸಾಲು ನಿಧಾನವಾಗಿ ಸರಿಯತೊಡಗಿತು. ಮನೋಹರ ಗೇರು ಬದಲಿಸಿದ.